ಕಲೆ

ಸಿರಿಂಜಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ.
ಒಳಗೆ ಔಷಧವೋ ಬರೀ ಉಪ್ಪುನೀರೋ
ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.
ಗೊತ್ತಿರುವ ಕಂಪ್ಯೂಟರು ಬಾಯಿ ಬಿಡುವುದಿಲ್ಲ.
ಮೊದಲ ದಿನವೇ ಬೊಗ್ನಾಗೆ ಇಷ್ಟನ್ನೂ ಹೇಳಿದೆ.
‘ಆಯ್ತು’ ಅಂದು
ಹೊಟ್ಟೆಯ ಮಡಿಕೆಯನ್ನು ತಾನೇ ಹಿಡಿದುಕೊಟ್ಟಳು.

ವೂಚ್ ನಗರದ ಹೋಟೆಲುಗಳ ಬಿಳಿ ಹಾಸುಗಳೆಲ್ಲ
ಅವಳ ಲಾಂಡ್ರಿಗೆ ಬರುತ್ತವೆ.
ವೈನಿಗೆ ಏನು, ಲಿಪ್‌ಸ್ಟಿಕ್ಕಿಗೆ ಏನು,
ರಕ್ತಕ್ಕೆ ತಣ್ಣೀರೇ ಏಕೆ,
ಬಿಸಿ ತಾಗಿದರೆ ಕಲೆ ಹೇಗೆ ಕಚ್ಚಿಕೊಳ್ಳುತ್ತದೆ,
ಎಲ್ಲ ಹೇಳುತ್ತಾಳೆ ಗೋಡೆಗೆ ಮುಖ ಮಾಡಿ,
ನಾನು ಗಂಟು ಎಣಿಸುವಾಗ.
ಎಡ ಕಂಕುಳಲ್ಲಿ ಆರು, ಬಲದಲ್ಲಿ ಮೂರು,
ತೊಡೆಸಂದಿಯಲ್ಲಿ ಐದು.
ಸೋರುವ ಸುರಂಗ ಬೇರೆ, ಎರಡು.
ಅವಳ ಸ್ವಂತ ಹಾಸಿಗೆಗೆ ಕಡುನೀಲಿ ಬಟ್ಟೆ,
ಹತ್ತೊಂಬತ್ತು ವರ್ಷದಿಂದ.

ಸೋಪು ಹಚ್ಚಿ ತೊಳಿ ಅಂದರಂತೆ ಒಬ್ಬರು,
ಲಾಂಡ್ರಿಯವಳಿಗೆ!
ಮೈ ಇಳಿಸು ಅಂದರು, ಸಿಗರೇಟು ಬಿಡು ಅಂದರು,
ಕೊಯ್ದರು, ಹೊಲಿದರು, ಮಾತ್ರೆ ಬದಲಿಸಿದರು,
ಕೊನೆಗೆ ಕೈ ಎತ್ತಿದರು.
ಅವಳಿಗೋ, ಕೈ ಎತ್ತಲೂ ಆಗದು.

ನಮ್ಮ ಡಾಕ್ಟರು ಚಿತ್ರ ಬರೆದು ತೋರಿಸಿದರು:
ಬೇಲಿಯೇ ಎದ್ದು ಹೊಲ ಮೇಯುತ್ತಿದೆ.
ಕಾಯುವ ಕಣವೊಂದು ಇನ್ನೊಂದಕ್ಕೆ
ಓಲೆ ಕಳಿಸುತ್ತದೆ;
ಅದನ್ನು ದಾರಿಯಲ್ಲೇ ತಡೆಯುವುದು ಈ ಸೂಜಿಯ ಕೆಲಸ.
‘ಓಲೆಯಲ್ಲಿ ಏನಿರುತ್ತೆ?’
‘ಕಳ್ಳ ಬಂದ ಅಂತ.
ಬಂದಿರುವುದಿಲ್ಲ.’

ನಾಲ್ಕನೇ ವಾರ ಹದಿನಾಲ್ಕೇ.
ಎಂಟನೇ ವಾರ ಹದಿನೈದು. ಬರೆದುಕೊಂಡೆ,
ತಲೆ ಎತ್ತಿ ಅವಳನ್ನು ನೋಡಲಿಲ್ಲ.
ಹನ್ನೆರಡಕ್ಕೆ ಎಂಟು.
ಮತ್ತೆ ಎಣಿಸಿದೆ. ಎಂಟು.

ಹದಿನಾರನೇ ವಾರ ಚೀಲದಿಂದ
ಇಸ್ತ್ರಿಯ ಗೆರೆ ಮಾಸಿದ ಬಿಳಿ ಹಾಸೊಂದನ್ನು ತೆಗೆದಳು.
‘ಮೂರು ರಾತ್ರಿ ಮಲಗಿದ್ದೇನೆ ಇದರ ಮೇಲೆ. ನೋಡಿ.’
ಮೇಜಿನ ಮೇಲೆ, ನನ್ನ ಫಾರಮ್ಮುಗಳ ಮೇಲೆ ಹರಡಿದಳು.
ಎಡಕ್ಕೆ, ಹೆಗಲು ಬರುವಲ್ಲಿ,
ನಾಣ್ಯದಷ್ಟು ಹಳದಿ.
‘ಇದು ಹೋಗುತ್ತೆ’ ಅಂದಳು, ಕಸುಬಿನವಳ ದನಿಯಲ್ಲಿ,
‘ತಣ್ಣೀರು ಸಾಕು.’

ಅಂಥದ್ದಕ್ಕೆ ನಮ್ಮಲ್ಲಿ ಕಾಲಮ್ಮಿಲ್ಲ.
‘ಇತರೆ’ ಎಂಬಲ್ಲಿ ಹಾಸು ಎಂದು ಬರೆದು
ಹೊಡೆದುಹಾಕಿದೆ.

ನೀರೇ ಇದ್ದೀತು ಒಳಗೆ.
ಇದ್ದರೂ ಯಾರು ಹೇಳಬೇಕು ನನಗೆ, ಇನ್ನೊಂದು ವರ್ಷ.

ಕಿಟಕಿಯ ಕೆಳಗೆ ಟ್ರಾಮು ನಿಂತಿತ್ತು.
ಸೀಟಿಲ್ಲ; ನಡುವೆ ನಿಂತಿದ್ದಾಳೆ ಬೊಗ್ನಾ,
ಚೀಲ ಎದೆಗವಚಿಕೊಂಡು,
ತೂಗುವ ಹಿಡಿಗಳನ್ನೇ ನೋಡುತ್ತ.
ಎಡಗೈ ಎತ್ತಿದಳು. ಇಳಿಸಿದಳು.
ಚೀಲ ಬದಲಿಸಿದಳು.
ಬಲಗೈ ಎತ್ತಿದಳು.