ಮೊಟ್ಟೆಚಿಪ್ಪಿನ ಟೊಪ್ಪಿಗೆ

ಚಳಿ ಬಂತೆಂದರೆ ಪಾಲೆರ್ಮೊದಲ್ಲಿ
ಗಿಡಗಳೂ ಟೊಪ್ಪಿಗೆ ಹಾಕುತ್ತವೆ.
ನಗಬೇಡಿ. ನಮ್ಮ ಓಣಿಯ ಯಾವ ಬಾಲ್ಕನಿ ಬೇಕಾದರೂ ನೋಡಿ:
ಎಲೆಯುದುರಿ ಬೋಳಾದ ದೇವಕಣಗಿಲೆಯ
ಬೆರಳು ಬೆರಳಿನ ತುದಿಗೂ
ಒಂದೊಂದು ಖಾಲಿ ಮೊಟ್ಟೆಚಿಪ್ಪು.
ಒಳಗೆ ಮಲಗಿದ ಕುಡಿ
ರಾತ್ರಿಯ ಚಳಿಗೆ ಕರಕಾಗಬಾರದು, ಅಷ್ಟೆ.

ನಮ್ಮಮ್ಮನ ಗಿಡಕ್ಕೆ ಹದಿನೇಳು ತುದಿ.
ಹದಿನೇಳು ಮೊಟ್ಟೆ ತಿನ್ನಬೇಕಾದವನು
ಒಂಬತ್ತು ವರ್ಷದ ನಾನು.

ಪೊಮೇಲಿಯಾ ಎನ್ನುತ್ತೇವೆ ಅದಕ್ಕೆ.
ಕೇಳಿದವರಿಗೆಲ್ಲ ಕೊಡುವ ಗಿಡವಲ್ಲ.
ಮಗಳು ಮದುವೆಯಾಗಿ ಹೊರಟಾಗ ಗೇಣುದ್ದದ ಒಂದು ಕೊಂಬೆ.
ಅಜ್ಜಿ ಅಮ್ಮನಿಗೆ ಕೊಟ್ಟಿದ್ದಳು,
ಅಮ್ಮ ನಿಂಫಾಳಿಗೆ.
ಅಕ್ಕ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ
ಬೆರ್ಗಮೊಕ್ಕೆ ಒಯ್ದಳು. ಅಲ್ಲಿ ಮಂಜು
ಮಧ್ಯಾಹ್ನವಾದರೂ ಕಿಟಕಿ ಬಿಟ್ಟು ಏಳುವುದಿಲ್ಲವಂತೆ.

ಹದಿನಾಲ್ಕು ತಿಂಗಳಿಗೆ ವಾಪಸು ಬಂದಳು, ಏಪ್ರಿಲ್‌ನಲ್ಲಿ.
ಇಡೀ ಇಟಲಿಯ ಉದ್ದಕ್ಕೂ,
ರೈಲನ್ನೇ ಹಡಗಿಗೆ ತುಂಬಿ ಮೆಸ್ಸಿನಾಕ್ಕೆ ದಾಟಿಸುವಾಗಲೂ
ತೊಡೆಯಿಂದ ಕುಂಡ ಇಳಿಸಿರಲಿಲ್ಲ.
ಒಂದು ಸೂಟ್‌ಕೇಸು, ಒಂದು ಕುಂಡ.
ಅಪ್ಪ ಸೂಟ್‌ಕೇಸು ನೋಡಿದ.
ಅಮ್ಮ ಕುಂಡ ನೋಡಿದಳು.
ಹೆಬ್ಬೆರಳಲ್ಲಿ ಕಾಂಡ ಒತ್ತಿದಳು:
ಕಳಿತ ಬಾಳೆಹಣ್ಣಿನ ಹಾಗೆ ಒಳಕ್ಕಿಳಿಯಿತು.

‘ನೀರು ಹಾಕಿದ್ದಾರೆ.’
‘ದಿನಾ. ಅತ್ತೆ. ಒಣಗಿದೆಯಲ್ಲ ಪಾಪ, ಅಂತ.’
‘ಚಳಿಗಾಲದಲ್ಲಿ?’
‘ಚಳಿಗಾಲದಲ್ಲೇ.’
ಆ ಮದುವೆಯ ಕುರಿತು ನಮ್ಮ ಮನೆಯಲ್ಲಿ
ನಡೆದ ವಿಚಾರಣೆ ಇಷ್ಟೇ.

ಅಪ್ಪನ ಮೀನಿನ ಚಾಕು ತಂದು
ಕತ್ತಿಮೀನು ಹೆಚ್ಚುವಂತೆ ಬಿಲ್ಲೆ ಬಿಲ್ಲೆ ಕೊಯ್ದಳು ಅಮ್ಮ.
ಕಂದು. ಇನ್ನೂ ಕಂದು.
ಅಂಚಿನಲ್ಲಿ ಒಂದು ಚುಕ್ಕೆ, ಅದನ್ನೂ ಬಿಡಲಿಲ್ಲ.
ಕೊನೆಗೆ ಬೆಳ್ಳಗಿನ ತಿರುಳು ಕಂಡು
ಹಾಲು ಜಿನುಗಿತು. ಮುಟ್ಟಹೋದ ನನ್ನ ಕೈಗೆ ಒಂದು ಏಟು.
‘ಕಣ್ಣಿಗೆ ತಾಗಿದರೆ ಗೊತ್ತಾಗುತ್ತೆ ನಿನಗೆ.’
ಉಳಿದದ್ದು ನನ್ನ ಅಂಗೈಯಷ್ಟು.
‘ಇಷ್ಟೇನಾ?’ ಎಂದಳು ಅಕ್ಕ.
‘ಬೇರು ಬಿಡೋಕೆ ಇಷ್ಟು ಸಾಕು.’

ಕೂಡಲೇ ನೆಡುವಂತಿಲ್ಲ.
ಎರಡು ವಾರ ಅದು ಕಪಾಟಿನ ಮೇಲೆ
ರೇಡಿಯೊ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.
ಎದುರುಮನೆಯ ದೊನ್ನಾ ಪ್ರೊವಿದೆಂತ್ಸಾ
ಒಂದು ಲೋಟ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬಂದು
‘ಏನು ನಿಂಫಾ, ಒಬ್ಬಳೇ ಬಂದೆಯಾ?’ ಎಂದು ಶುರುವಿಟ್ಟಾಗ
‘ಗಾಯ ಇನ್ನೂ ಒಣಗಿಲ್ಲ, ಆಮೇಲೆ ಬಾ’ ಎಂದು
ಅಮ್ಮ ಸಕ್ಕರೆ ಕೊಟ್ಟು ಬಾಗಿಲು ಹಾಕಿದಳು.

ಆಮೇಲೆ ಟೊಮೇಟೊ ಡಬ್ಬಿಗೆ ಮೊಳೆ ಹೊಡೆದು ಆರು ತೂತು,
ಒರಟು ಮರಳು, ಹಿಡಿ ಮಣ್ಣು, ದಕ್ಷಿಣದ ಗೋಡೆ.
ಅಕ್ಕ ದಿನಕ್ಕೆ ಹತ್ತು ಸಲ ಇಣುಕುತ್ತಿದ್ದಳು,
ಕೈಯಲ್ಲಿ ಲೋಟ ಹಿಡಿದು.
‘ಬಾಯಾರಿದರೆ ಅದೇ ಹೇಳುತ್ತೆ. ಹೋಗು, ಏನಾದರೂ ಕೆಲಸ ನೋಡು.’
ನೋಡಿದಳು. ಕನ್ನಡಕದ ಅಂಗಡಿಯಲ್ಲಿ,
ಮುದುಕರಿಗೆ ಅಕ್ಷರದ ಹಲಗೆ ತೋರಿಸುವ ಕೆಲಸ.
ಜುಲೈನಲ್ಲಿ ಎರಡು ಎಲೆ.
ಅಂದು ಸಂಜೆ ಮೊದಲ ಲೋಟ ನೀರು.

ನವೆಂಬರಿನಲ್ಲಿ ಆ ಎರಡೂ ಉದುರಿದವು.
ಅಕ್ಕ ತಾನೇ ಒಂದು ಮೊಟ್ಟೆ ಆರಿಸಿ,
ಸೂಜಿಯಿಂದ ಕೊರೆದಂತೆ ಮೆಲ್ಲಗೆ ಒಡೆದು,
ಒಳಗಿನದನ್ನು ಸಕ್ಕರೆ, ಮಾರ್ಸಾಲ ವೈನು ಬೆರೆಸಿ ಕಡೆದು
ನಿಂತಲ್ಲೇ ಕುಡಿದಳು, ಮೀಸೆ ಒರೆಸದೆ.
ಚಿಪ್ಪು ತೊಳೆದು ಆ ಒಂಟಿ ತುದಿಗೆ ತೊಡಿಸಿದಳು.
ಹದಿನೇಳರ ಪಕ್ಕ ಒಂದು.

ಮರುವರ್ಷ ಮಾರ್ಚಿಯ ಒಂದು ಬೆಳಿಗ್ಗೆ
ಆ ಟೊಪ್ಪಿಗೆ ವಾರೆಯಾಗಿತ್ತು,
ಕುಡಿದು ಮನೆಗೆ ಬಂದವರ ಟೊಪ್ಪಿಯ ಹಾಗೆ.
ಕೆಳಗೊಂದು ಹಸಿರು ಮೂತಿ.
ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ತಾನೇ ಜಾರಿ
ಕೆಳಗೆ ಸಿಗರೇಟು ಸೇದುತ್ತಿದ್ದ ಕ್ಷೌರಿಕ ಲೀಬೊರಿಯೊನ
ಬೋಳುತಲೆಯ ಮೇಲೆ ಚಟಕ್ಕನೆ ಒಡೆಯಿತು.
ಅವನು ನಮ್ಮ ಮೂರು ತಲೆಮಾರನ್ನು ಬೈದ.
ಅಕ್ಕ ಕಟಕಟೆಗೆ ಬಾಗಿ, ಕ್ಷಮೆ ಕೇಳಲು ಬಾಯಿ ತೆರೆದವಳು,
ಕೇಳಲಾಗದೆ ಅಲ್ಲೇ ಕುಸಿದು ಕೂತು ನಕ್ಕಳು.

ಹೂವೇ? ಅದಕ್ಕಿನ್ನೂ ಎರಡು ಬೇಸಿಗೆ ಹಿಡಿಯಿತು.
ನನಗೆ ಈಗಲೂ ಮೊಟ್ಟೆ ಸೇರುವುದಿಲ್ಲ.