ಕಂಬ ಇದ್ದ ಜಾಗ

ಕ್ರೇನ್‌ಸೆಟ್‌ನ ಜಲ್ಲಿ ಕ್ವಾರಿಗೆ ಇನ್ನು ಹನ್ನೊಂದೇ ವಾರ ತಡೆ.
ಅಷ್ಟರೊಳಗೆ ನಾಲ್ಕು ಸಾವಿರ ವರ್ಷ
ಎತ್ತಿ, ತೂಗಿ, ಚೀಲಕ್ಕೆ ಚೀಟಿ ಅಂಟಿಸಿ
ಜಾಗ ಖಾಲಿ ಮಾಡಬೇಕು ನಾವು.

ಲಾರ್ಟರ್ ಮೇಲ್ಮಣ್ಣು ಹೆರೆಯುತ್ತಾನೆ,
ಅಷ್ಟು ದೊಡ್ಡ ಯಂತ್ರ,
ಹಾಲಿನ ಕೆನೆ ತೆಗೆಯುವ ಕೈಯಷ್ಟು ಹಗುರ.
ಸಾಕು ಎಂದು ಹೆಸ್ಟರ್ ಕೈಯೆತ್ತಿದಲ್ಲಿ
ನೇಗಿಲು ತಲುಪದ ಹಳದಿ ಮರಳು,
ಅದರ ಮೇಲೆ ಅಲ್ಲಲ್ಲಿ ಕಪ್ಪು ಬೊಟ್ಟು.

ಮೊದಲ ದಿನ ಕೇಳಿದ್ದೆ: ಮನೆ ಎಲ್ಲಿ?
ನೀನು ನಿಂತಿರುವುದು ಪಡಸಾಲೆಯಲ್ಲಿ, ಎಂದಳು.
ಕಂಬ ಕೊಳೆತು, ಕಂಬ ಇದ್ದ ಜಾಗಕ್ಕೆ
ಮೇಲಿನಿಂದ ಇಳಿದ ಮಣ್ಣು
ಸ್ವಲ್ಪ ಕಪ್ಪು, ಸ್ವಲ್ಪ ಮೆತ್ತಗೆ. ಅಷ್ಟೇ ಮನೆ.
ಮಣ್ಣಾದರು, ಮಣ್ಣುಪಾಲಾಯಿತು ಅಂತೆಲ್ಲ
ನಮ್ಮ ಕಡೆ ಸಲೀಸಾಗಿ ಆಡುವ ಮಾತು
ಇಲ್ಲಿ ಕರಣೆಯ ತುದಿಗೆ ತಗುಲುತ್ತದೆ
ಬಣ್ಣವಾಗಿ.

ಒಣಗಿದರೆ ಎಲ್ಲ ಒಂದೇ ಬಣ್ಣ.
ಅದಕ್ಕೇ ಓಯಿನ್, ಬೆಳೆಗೆ ಔಷಧಿ ಹೊಡೆಯುವ ಪಂಪನ್ನು
ಬೆನ್ನಿಗೆ ಕಟ್ಟಿಕೊಂಡು
ಬರೀ ನೀರು ಚಿಮುಕಿಸುತ್ತ ಹೋಗುತ್ತಾನೆ.
ಅವನ ಹಿಂದೆ ಹಿಂದೆ ಊರು ಏಳುತ್ತದೆ:
ಗುಂಡನೆಯ ಗುಡಿಸಲು ಹದಿಮೂರು;
ಅವುಗಳ ಹೊಟ್ಟೆ ಸೀಳಿಕೊಂಡು
ಯಾರ ಮುಲಾಜೂ ಇಲ್ಲದೆ ನೆಟ್ಟಗೆ
ರೋಮನರ ಕಾಲದ ಕಾಲುವೆ;
ಕಾಲುವೆ ತುಂಬಿ ಮರೆತುಹೋದ ಮೇಲೆ ಅದರ ಮೇಲೇ ತೋಡಿದ
ಸ್ಯಾಕ್ಸನರ ಗುಳಿಮನೆ.
ಹತ್ತು ನಿಮಿಷ.
ಕಡಲ ಕಡೆಯಿಂದ ಗಾಳಿ ಬೀಸಿತೋ
ಊರಿಗೆ ಊರೇ ಮತ್ತೆ ಮರಳು.
ಅಷ್ಟರಲ್ಲಿ ನಾನು ಮೊಳೆಯಿಂದ ಅಂಚು ಗೀರಬೇಕು.
ಗೀರು ಗೇಣು ಸರಿದರೆ ಸಾಕು,
ಯಾರದೋ ಬಾಗಿಲು ಪೂರ್ವದಿಂದ ಉತ್ತರಕ್ಕೆ ತಿರುಗಿ
ಅವರ ಚಳಿಗಾಲವೆಲ್ಲ ಒಲೆ ಆರಿಹೋಗುತ್ತದೆ.

ಗುಳಿಮನೆಯ ನೆಲದಲ್ಲಿ ಮಗ್ಗದ ತೂಕದ ಬಿಲ್ಲೆಗಳು,
ಸುಟ್ಟ ಮಣ್ಣಿನವು, ಉದ್ದಿನ ವಡೆಯ ಹಾಗೆ ನಡುವೆ ತೂತು,
ಸಾಲಾಗಿ, ದಾರ ಹರಿದು ಬಿದ್ದ ಹಾಗೇ.
ಒಂದರ ಮೇಲೆ ಹೆಬ್ಬೆರಳಿನ ಅಚ್ಚು.
ನನ್ನದಿಟ್ಟು ನೋಡಿದೆ, ಹಿಡಿಸಲಿಲ್ಲ.
ಮಗುವಿನದಿರಬೇಕು, ಎಂದೆ.
ಮಣ್ಣು ಒಣಗುವಾಗ ಕುಗ್ಗುತ್ತದೆ,
ಕತೆ ಕಟ್ಟಬೇಡ, ಎಂದಳು ಹೆಸ್ಟರ್.
ಕಟ್ಟಲಿಲ್ಲ.

ಒಂಬತ್ತನೆಯ ವಾರ, ಇಳಿಜಾರಿನಲ್ಲಿ ಗೋರಿ.
ಮೂಳೆಯನ್ನೂ ಕುಡಿದುಬಿಟ್ಟಿದೆ ಮರಳು.
ಮಗ್ಗುಲಾಗಿ ಮಲಗಿದ ಒಂದು ಕಂದು ನೆರಳು,
ಮಂಡಿ ಮಡಚಿದ್ದು ಗೊತ್ತಾಗುತ್ತದೆ.
ಉಡುಪಿಗೆ ಚುಚ್ಚಿದ ಪಿನ್ನುಗಳಿಂದ ಹೆಂಗಸು ಎಂದು ಊಹೆ.
ಸೊಂಟದ ಹತ್ತಿರ ಕಬ್ಬಿಣದ ಬಳೆ, ಸಂಚಿಯ ಬಾಯಿ;
ಸಂಚಿ ಇಲ್ಲ, ಸಂಚಿಯೊಳಗಿನದು ಇದೆ:
ರೋಮನರ ಮುರುಕು ಬೀಗದ ಕೈ,
ಹಸಿರು ಗಾಜಿನ ಚೂರು,
ಚೆಕುಮುಕಿ ಕಲ್ಲಿನ ಒಂದು ಬಾಣದ ಮೊನೆ.

ಬೀಗ ಅವಳ ಮನೆಗೆ ಇರಲಿಲ್ಲ.
ಬಾಣ ಮಾಡುವವರು ಕಲ್ಲು ಬಿಟ್ಟು ಎಷ್ಟು ತಲೆಮಾರಾಗಿತ್ತೋ.
ಆ ಮೊನೆ ಅವಳಿಗಿಂತ ಎರಡೂವರೆ ಸಾವಿರ ವರ್ಷ ಹಿರಿಯದು;
ಅವಳು ನನಗಿಂತ ಸಾವಿರದೈನೂರು.
ಲೆಕ್ಕ ಹಾಕಿದರೆ ಅವಳು ಅದನ್ನು ಮಾಡಿದವನಿಗಿಂತ
ನನಗೇ ಹತ್ತಿರ.
ಅವಳೂ ಇದೇ ಇಳಿಜಾರಿನಲ್ಲಿ
ಕಳೆ ಕೀಳುವಾಗಲೋ ಕಂಬಕ್ಕೆ ಗುಳಿ ತೋಡುವಾಗಲೋ ಬಗ್ಗಿ,
ಉಗುಳು ಹಚ್ಚಿ ಉಜ್ಜಿ,
ಬೆಳಕಿಗೆ ಹಿಡಿದು,
ಇಟ್ಟುಕೊಂಡಿರಬೇಕು.

ಇದನ್ನೆಲ್ಲ ನಾನು ಗಟ್ಟಿಯಾಗಿಯೇ ಹೇಳಿದೆ.
ಹೆಸ್ಟರ್ ಬೈಯಲಿಲ್ಲ. ಬಕೆಟ್ಟು ಮಗುಚಿ ಅದರ ಮೇಲೆ ಕೂತಳು.
ಮೊಣಕಾಲ ಮೇಲೆ ದಾಖಲೆಯ ಹಾಳೆ.
ಅದರಲ್ಲಿ 'ಕಾಲ' ಎಂಬ ಕಡೆ ಒಂದೇ ಒಂದು ಮನೆ,
ಎರಡು ಪದ ಹಿಡಿಯದಷ್ಟು ಚಿಕ್ಕದು.
ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ
ಎರಡನ್ನೂ ಬರೆದಳು, ಒಂದರ ಮೇಲೊಂದು,
ಯಾವುದನ್ನೂ ಹೊಡೆದುಹಾಕದೆ.

ಗೇಟಿನಾಚೆ ಜಲ್ಲಿ ಲಾರಿ, ಎರಡು ವಾರ ಮೊದಲೇ,
ಇಂಜಿನ್ ಆರಿಸದೆ ನಿಂತಿತ್ತು.
ಓಯಿನ್ ಮತ್ತೆ ನೀರು ತುಂಬಿಸಲು ಹೋದ.