ಕೊಂಡಿ

ಗುಂಡು ಹೊರಗಿನ ಗೂಡಿನಲ್ಲಿಟ್ಟು, ಬೋಲ್ಟು ಬಿಚ್ಚಿ
ಬರಿಯ ಕಬ್ಬಿಣವಾಗಿಸಿ ಒಳಗೆ ತಂದೆ, ಒಳ್ಳೆಯದು.
ಸ್ವಾಲ್‌ಬಾರ್ಡಿನಲ್ಲಿ ಹೊಸ್ತಿಲಾಚೆ ಬೂಟು ಬಿಡುವ ಹಾಗೆ
ಗುಂಡನ್ನೂ ಬಿಡಬೇಕು.
ಕೂತುಕೋ ಸುಪಾಪೋರ್ನ್. ಕಾಫಿ ಬೆಳಗಿನದು, ಬಿಸಿಯಂತೂ ಇದೆ.

ಶಿಶುವಿಹಾರದ ಬಂದೂಕಲ್ಲವೆ ಇದು?
ಹಾಲ್ದಿಸ್ ಹೊರುವ ದಿನ ಹಿಂಬುಡವನ್ನು ಏಳನೆಯ ಗೀಟಿಗೆ ಎಳೆಯುತ್ತಾಳೆ,
ನೀನು ಹೊರುವ ದಿನ ಎರಡಕ್ಕೆ ತಳ್ಳುತ್ತೀ.
ಬಂದೂಕು ಒಂದು, ಹೆಗಲು ಎರಡು,
ಎತ್ತರದಲ್ಲಿ ಒಂದೂವರೆ ಗೇಣು ಅಂತರ.

ಪಟ್ಟಿ ಸರಿಯಿಲ್ಲ ಅಂದೆ. ಪಟ್ಟಿಯ ತಪ್ಪೇನಿಲ್ಲ,
ಹಿಮಸಾರಂಗದ ತೊಗಲು, ನನಗಿಂತ ಹೆಚ್ಚು ಬಾಳುತ್ತದೆ.
ನಿಮ್ಮ ಚಿಯಾಂಗ್‌ಮಾಯ್ ಕಡೆ ಮದುವೆಗೆ ಜಾತಕ ನೋಡುತ್ತಾರೆ
ಅಂತ ನೀನೇ ಹೇಳಿದ್ದೆ. ಇಲ್ಲಿ ಯಾರೂ ನೋಡಿಲ್ಲ.
ಪಟ್ಟಿಯಲ್ಲಿರುವುದು ಸ್ಕ್ರೂ ತಲೆಯ ತೂತಿಗೆ ಸಿಕ್ಕಿಸುವ ಹಳೇ ಕೊಕ್ಕೆ;
ಹೊಸ ಸ್ಟಾಕಿನಲ್ಲಿ ಸ್ಕ್ರೂ ಎಲ್ಲಿದೆ? ಬಟ್ಟಲಿನಂಥ ಕುಳಿ,
ಒತ್ತುಗುಂಡಿಯ ಕೊಂಡಿಗಷ್ಟೇ ಬಾಯಿ ತೆರೆಯುತ್ತದೆ.
ನಡುವೆ ಯಾರೋ ಪುಣ್ಯಾತ್ಮರು ತಂತಿ ಸುತ್ತಿದ್ದಾರೆ.
ನೀನೇ? ಸರಿ, ಬೈಯುವುದಿಲ್ಲ.

ಹಿಂಬುಡದ ತುದಿಗೊಂದು ಕುಳಿ, ಹಿಡಿಯ ಹಿಂದೆ ಇನ್ನೊಂದು.
ಎಲ್ಲರೂ ತುದಿಯದನ್ನೇ ಕೇಳುತ್ತಾರೆ, ನೋಟಕ್ಕೆ ಚೆಂದ.
ಆದರೆ ತುದಿ ಜಾರುವ ಭಾಗ.
ಅವಳು ಎಳೆದರೆ ಬಿಗಿ, ನೀನು ತಳ್ಳಿದರೆ ಜೋಲು,
ದಿನಬೆಳಗಾದರೆ ಬಕಲಿನ ಜೊತೆ ಜಗಳ.
ಉದ್ದ ಹೊಂದಿಸುವ ಸನ್ನೆಯೂ ಅಲ್ಲೇ ಇದೆ,
ಗವಸು ತೊಟ್ಟ ಕೈ ಕೊಂಡಿಯೆಂದು ಅದನ್ನೇ ಒತ್ತೀತು.
ಕದಲದ ಕಡೆ ಕಟ್ಟು. ಕದಲುವುದು ಕದಲಿಕೊಳ್ಳಲಿ.

ಕುಳಿಯೊಳಗೆ ಕಿರುಬೆರಳಿಟ್ಟು ನೋಡು. ಕಚ್ಚು ಸಿಕ್ಕಿತೆ?
ಅದು ಕೊಂಡಿಯನ್ನು ಪೂರ್ತಿ ಸುತ್ತಲು ಬಿಡುವುದಿಲ್ಲ,
ಪಟ್ಟಿ ಹುರಿಗೊಳ್ಳುವುದಿಲ್ಲ.
ಪ್ಲಾಸ್ಟಿಕ್ಕಿನದು ಬೇಡ, ಮೈನಸ್ ಮೂವತ್ತರಲ್ಲಿ ಅದು ಹಪ್ಪಳ.
ಉಕ್ಕಿನದು ತಗೋ, ಎಣ್ಣೆ ಸೋಕಿಸಬೇಡ,
ಚಳಿಗೆ ಎಣ್ಣೆ ಅಂಟಾಗಿ ಒತ್ತಿದ ಗುಂಡಿ ಏಳುವುದೇ ಇಲ್ಲ.

ನಗಬೇಡ. ನನ್ನದೊಮ್ಮೆ ಕಳಚಿತ್ತು.
ಮಾರ್ಚ್ ತಿಂಗಳು, ಕೊಲ್ಲಿಯ ಹೆಪ್ಪಿನ ಮೇಲೆ,
ಸ್ಕ್ರೂ ಎಲ್ಲಿ ಸಡಿಲಿತೋ.
ಹೆಗಲು ಹಗುರಾಯಿತೆಂದು ಖುಷಿಯಲ್ಲೇ ನಡೆದಿದ್ದೇನೆ
ನಾನೂರು ಹೆಜ್ಜೆ.
ತಿರುಗಿದರೆ ಬಂದೂಕು ಅಲ್ಲಿ, ನಾನು ಇಲ್ಲಿ,
ಬಂದೂಕಿನ ಪಕ್ಕ ಕರಡಿ, ಪಟ್ಟಿಯ ತೊಗಲು ಮೂಸುತ್ತ.
ತುಂಬ ಹೊತ್ತು ಮೂಸಿತು.
ಬೇರೆ ಕೆಲಸವಿತ್ತೇನೋ, ಹೋಯಿತು.
ಆ ಪಟ್ಟಿಯನ್ನು ನಾನಿನ್ನೂ ಒರೆಸಿಲ್ಲ.

ಏನಂದೆ? ಸದ್ದೆ?
ನಲವತ್ತು ವರ್ಷ ಈ ಮೇಜಿನ ಹಿಂದೆ ಕೂತಿದ್ದೇನೆ,
ತೂಕ ಕೇಳಿದ್ದಾರೆ, ಬೆಲೆ ಕೇಳಿದ್ದಾರೆ, ಬಣ್ಣ ಕೂಡ;
ಸದ್ದು ಮಾಡುತ್ತದೆಯೇ ಅಂತ ಯಾರೂ ಕೇಳಿರಲಿಲ್ಲ.
ಮಧ್ಯಾಹ್ನ ಮಕ್ಕಳು ಹೊರಗೇ ಗಾಡಿಗಳಲ್ಲಿ ಮಲಗುತ್ತವೆ
ಉಣ್ಣೆಯೊಳಗಿಂದ ಮೂಗಿನ ತುದಿ ಮಾತ್ರ ಕಾಣುವಂತೆ,
ನೀನು ಗುಡ್ಡದತ್ತ ಕಣ್ಣಿಟ್ಟು ಸುತ್ತು ಹಾಕುತ್ತೀ,
ಕೊಂಡಿ ಟಿಣ್ ಎಂದರೆ ಒಂದು ಏಳುತ್ತದೆ,
ಒಂದು ಅತ್ತರೆ ಒಂಬತ್ತೂ.

ತಾಳು.
ಈ ಹಳೇ ಬೂಟಿನೊಳಗಿನ ಉಣ್ಣೆ ಕಂಬಳಿ...
ಕತ್ತರಿ ಎಲ್ಲಿಟ್ಟೆ... ಹಾಂ.
ಉಗುರಿನಗಲದ ಉಂಗುರ, ಕೊಂಡಿಯ ಕೊರಳಿಗೆ.
ಒತ್ತು, ಕೂರಿಸು, ಬಿಡು.
ಎಳೆದು ನೋಡು, ಜೋರಾಗಿ, ನನ್ನ ಮುಲಾಜು ಬೇಡ.
ಹೆಗಲಿಗೇರಿಸಿ ಈಗ ಜಿಗಿ. ಇನ್ನೊಮ್ಮೆ.

ಗಡಿಯಾರ ಕೇಳಿಸಿತು. ಹೀಟರು ಕೇಳಿಸಿತು.
ನಿನ್ನ ಜೇಬಿನ ಬೀಗದ ಕೈ ಕೇಳಿಸಿತು.

ಎರಡು ಕೊಂಡಿಗೆ ದುಡ್ಡು ಕೊಡು,
ಉಂಗುರ ಬೂಟಿನದು, ಅದಕ್ಕೆ ಲೆಕ್ಕವಿಲ್ಲ.
ಗೂಡಿನಲ್ಲಿ ಎಷ್ಟಿಟ್ಟೆ, ಐದೆ?
ಐದೂ ಎಣಿಸಿಕೊಂಡು ಹೋಗು.